ಸಹಾಯ ಬೇಕು: ಬಿಸಿಯಾದರೆ ನಿಲ್ಲುವ ಮಾರಿಸ್ ಮೈನರ್

ಇಂಗ್ಲೆಂಡಿನಲ್ಲಿರುವ ಕನ್ನಡಿಗರಲ್ಲಿ ಹಳೇ ಕಾರು ಬಿಚ್ಚಿ ಜೋಡಿಸಿದವರು ಯಾರಾದರೂ ಇದ್ದೀರಾ? ನನ್ನದು 1967ರ ಮಾರಿಸ್ ಮೈನರ್, 1098 ಸಿಸಿ. ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. 20 ಮೈಲಿ ಓಡಿ ಬಿಸಿಯಾದ ಮೇಲೆ ಕೆಮ್ಮಿ ನಿಂತುಬಿಡುತ್ತದೆ.

ಆಗ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಎಲೆಕ್ಟ್ರಿಕ್ ಪಂಪಿನ ಟಿಕ್ ಟಿಕ್ ಸದ್ದೇ ಇರುವುದಿಲ್ಲ. ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಮತ್ತೆ ಶುರು. ತಣ್ಣಗಾಗಲಿ ಅಂತ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿದೆ, ಪೈಪಿಗೆ ಬಟ್ಟೆ ಕ್ಲಿಪ್ಪುಗಳನ್ನೂ ಸಿಕ್ಕಿಸಿ ನೋಡಿದೆ. ಉಪಯೋಗ ಆಗಲಿಲ್ಲ. ಪೈಪಿನಲ್ಲಿ ಪೆಟ್ರೋಲ್ ಆವಿಯಾಗುತ್ತಿದ್ದರೆ ಪಂಪು ಸುಮ್ಮನಾಗಬಾರದು, ಇನ್ನೂ ಜೋರಾಗಿ ಬಡಿದುಕೊಳ್ಳಬೇಕು, ಅಲ್ವಾ? ಹಾಗಾಗಿ ಪಂಪಿನ ಒಳಗಿನ ಪಾಯಿಂಟ್ಸ್ (ಕರೆಂಟ್ ಕೂಡಿಸಿ ಬಿಡಿಸುವ ಲೋಹದ ತುದಿಗಳು) ಸವೆದಿವೆ ಅನ್ನಿಸುತ್ತಿದೆ.

ಪಾಯಿಂಟ್ಸ್ ಮಾತ್ರ ಬದಲಿಸಲೇ, ಪಾಯಿಂಟ್ಸ್ ಇಲ್ಲದ ಎಲೆಕ್ಟ್ರಾನಿಕ್ ಪಂಪ್ ಹಾಕಲೇ? ನನ್ನ ಕಾರು ಇನ್ನೂ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಬಾಡಿಗೆ ಸೇರಿದೆ. ನೆಗೆಟಿವ್‌ಗೆ ಮಾಡಿದ ಪಂಪ್ ಜೋಡಿಸಿದರೆ ಸುಟ್ಟುಹೋಗಬಹುದು ಎಂಬ ಭಯವಿದೆ.

ಮಾರಿಬಿಡಿ ಅಂತ ಮಾತ್ರ ಹೇಳಬೇಡಿ. ನನ್ನ ಕೈಯಿಂದಲೇ ರಿಪೇರಿ ಮಾಡಬಹುದಾದ ಕಾರು ಇದೊಂದೇ, ತುಂಬಾ ಪ್ರೀತಿ. ಮುಂದಿನ ತಿಂಗಳು ಅಮ್ಮ ಬರುತ್ತಾರೆ, ಇದರಲ್ಲೇ ವೇಲ್ಸ್‌ಗೆ ಕರೆದೊಯ್ಯಬೇಕು. ಪಾಯಿಂಟ್ಸ್ ಹೊಂದಿಸುವ ಫೋಟೋ ಇದ್ದರೆ ದಯವಿಟ್ಟು ಹಾಕಿ.