ಶಿವಮೊಗ್ಗದಲ್ಲಿ ಅಂಗಡಿ ಮಳಿಗೆ ಬಾಡಿಗೆಗೆ ಹಿಡಿಯೋ ಮುಂಚೆ ಏನೇನ್ ನೋಡ್ಬೇಕು? ಅನುಭವ ಇದ್ದೋರು ಹೇಳಿ

ನಾನು ಸಾಗರದ ಕಡೆಯವಳು, ಮನೇಲೇ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮಾರ್ತಿದೀನಿ. ಈಗ ವಿನೋಬನಗರದಲ್ಲಿ 10×15 ಮಳಿಗೆ ನೋಡಿದೀವಿ. ಬಾಡಿಗೆ 14 ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ, 11 ತಿಂಗಳ ಅಗ್ರಿಮೆಂಟು, ಪ್ರತಿ ಸಲ ರಿನ್ಯೂವಲ್‌ಗೆ 10 ಪರ್ಸೆಂಟ್ ಜಾಸ್ತಿ ಅಂತಾರೆ ಓನರ್. ಗಾಂಧಿ ಬಜಾರಲ್ಲಿ ಇದರ ಅರ್ಧ ಜಾಗಕ್ಕೇ ಇದಕ್ಕಿಂತ ಜಾಸ್ತಿ ಕೇಳ್ತಾರೆ. ಟೋಕನ್ ಕೊಟ್ಬಿಡ್ಲಾ?

—

ಅಕ್ಕಾ, ಈಗ ಏಪ್ರಿಲ್‌ನಲ್ಲಿ ನೋಡಿದ ಮಳಿಗೆ ಎಲ್ಲಾ ಚೆನ್ನಾಗೇ ಕಾಣುತ್ತೆ. ಜುಲೈನಲ್ಲಿ ಹೆಂಗಿರುತ್ತೆ ಅಂತ ಪಕ್ಕದ ಅಂಗಡಿಯೋರನ್ನ ಕೇಳಿ, ಓನರ್‌ನ ಅಲ್ಲ. ಶಟರ್ ಯಾವ ದಿಕ್ಕಿಗಿದೆ, ಇರಚಲು ಒಳಗೆ ಹೊಡಿಯುತ್ತಾ, ಹಿಂದಿನ ಗೋಡೆ ಕೆಳಗೆ ಎರಡು ಮೂರಡಿ ಮಟ್ಟ ಹೊಸಾ ಪೇಂಟ್ ಹೊಡೆದಿದಾರಾ ನೋಡಿ, ಅಲ್ಲಿ ಮಾತ್ರ ಹೊಸಾ ಪೇಂಟ್ ಇದ್ರೆ ತೇವ ಇದೆ ಅಂತಾನೇ ಲೆಕ್ಕ. ನಂದು ದುರ್ಗಿಗುಡಿಲಿ ಬಟ್ಟೆ ಅಂಗಡಿ, ಬಟ್ಟೆಗೇ ಬೂಷ್ಟು ಹಿಡಿಯುತ್ತೆ ಇನ್ನು ಹಪ್ಪಳ ಕೇಳ್ಬೇಕಾ. ಮಾಡಿಗೆ ಮುಂದೆ ಶೀಟ್ ಹಾಕಿಸಿಕೊಡೋದು ಯಾರ ಖರ್ಚು ಅಂತ ಅಗ್ರಿಮೆಂಟಲ್ಲೇ ಬರೆಸಿ.

ಆಮೇಲೆ ಆ 10 ಪರ್ಸೆಂಟ್. ನಾಲ್ಕು ರಿನ್ಯೂವಲ್ ಆಗೋಷ್ಟರಲ್ಲಿ, ಅಂದ್ರೆ ನಾಲ್ಕು ವರ್ಷನೂ ತುಂಬೋ ಮುಂಚೆ, ನಿಮ್ಮ 14 ಸಾವಿರ ಹತ್ರ ಹತ್ರ 20,500 ಆಗಿರುತ್ತೆ. 5 ಪರ್ಸೆಂಟ್ ಆದ್ರೆ 17 ಸಾವಿರ. ಈಗಿನ ಬಾಡಿಗೇಲಿ ಐನೂರು ಕಮ್ಮಿ ಮಾಡಿಸೋಕೆ ಗುದ್ದಾಡೋ ಬದಲು ಇದನ್ನ ಚೌಕಾಸಿ ಮಾಡಿ.

—

ಗಾಂಧಿ ಬಜಾರೇ ವಾಸಿ ಅಂತ ನನ್ನ ಅಭಿಪ್ರಾಯ. ಹಳ್ಳಿಯಿಂದ ಬಂದೋರು ಸಂತೆ ಸಾಮಾನಿಗೆ ಅಲ್ಲಿಗೇ ಬರೋದು. ಆದ್ರೆ ಗಾಡಿ ನಿಲ್ಸೋಕೆ ಜಾಗ ಇಲ್ಲ, ಅದೊಂದು ಹೌದು.

—

ತೀರ್ಥಹಳ್ಳಿ ಇಂದ. ನಮ್ ಕಡೆ ವ್ಯಾಪಾರ ಅಂದ್ರೆ ಅಡಿಕೆ ದುಡ್ಡು ಮಾರಾಯ್ರೆ. ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ್ಮೇಲೆ ಜನ ಕೈ ಬಿಚ್ತಾರೆ, ಎಳ್ಳಮಾವಾಸ್ಯೆ ಜಾತ್ರೇಲಿ ಚೆನ್ನಾಗಿರುತ್ತೆ, ಮಳೆ ಹಿಡಿದ ಮೇಲೆ ಎಷ್ಟೋ ದಿನ ಸಂಜೆವರೆಗೆ ಕೂತ್ರೂ ಬೋಣಿ ಆಗಲ್ಲ. ಶಿವಮೊಗ್ಗ ಸಿಟಿ ಇಷ್ಟು ಕಷ್ಟ ಇಲ್ಲ, ಆದ್ರೂ ಮಳೆಗಾಲದ ನಾಲ್ಕು ತಿಂಗಳ ಬಾಡಿಗೆ ಕೈಯಲ್ಲಿ ಇಟ್ಕೊಂಡೇ ಶುರು ಮಾಡಿ, ಇರೋದನ್ನೆಲ್ಲಾ ಅಡ್ವಾನ್ಸಿಗೆ ಸುರೀಬೇಡಿ. ಅಡ್ವಾನ್ಸ್ ಒಂದು ಲಕ್ಷಕ್ಕೆ ಇಳಿಸಿ ಅಂತ ಕೇಳಿ, ಇಳಿಸ್ತಾರೆ. ರ್‍ಯಾಕು, ಬೋರ್ಡು ಮಾಡಿಸೋ ದಿನಗಳಿಗೆ ಬಾಡಿಗೆ ಬೇಡ ಅಂತನೂ ಕೇಳಿ ನೋಡಿ.

—

ಟೋಕನ್ ಕೊಡೋ ಮುಂಚೆ ಪೇಪರ್ ನೋಡಿ ಮೇಡಂ. ಕಂದಾಯದ ರಸೀದಿಲಿ ಅದು ಕಮರ್ಷಿಯಲ್ ಅಂತಿದೆಯಾ ಇಲ್ಲಾ ಮನೆ ಅಂತಿದೆಯಾ? ವಿನೋಬನಗರದಲ್ಲಿ ಮನೆ ಮುಂದಿನ ಕಾರ್ ಶೆಡ್ಡಿಗೇ ಶಟರ್ ಹಾಕಿ ಮಳಿಗೆ ಮಾಡಿದ್ದೂ ಇದೆ. ಮಹಾನಗರ ಪಾಲಿಕೆ ಟ್ರೇಡ್ ಲೈಸೆನ್ಸ್‌ಗೆ ಹೋದಾಗ ಅಲ್ಲಿ ಸಿಕ್ಕಿ ಹಾಕ್ಕೊಳ್ತೀರ. ಮೆಸ್ಕಾಂ ಮೀಟರ್ರೂ ಅಷ್ಟೇ, ಮನೆ ಕನೆಕ್ಷನ್ನಿಂದ ಲೈನ್ ಎಳೆದು ಅಂಗಡಿ ನಡೆಸಿದ್ರೆ ಸ್ಕ್ವಾಡ್ ಬಂದಾಗ ಎರಡು ಪಟ್ಟು ದರದಲ್ಲಿ ಹಾಕ್ತಾರೆ, ಓನರ್ ಆಗ "ನಂಗೊತ್ತಿಲ್ಲ" ಅಂತಾರೆ. ಬೇರೆ ಕಮರ್ಷಿಯಲ್ ಮೀಟರ್ ಇರ್ಲೇಬೇಕು, ಹಿಂದಿನೋರ ಬಿಲ್ ಬಾಕಿ ಇದೆಯಾ ಅಂತ ಆರ್‌.ಆರ್. ನಂಬರ್ (ಕರೆಂಟ್ ಬಿಲ್ಲಲ್ಲಿರೋ ಕನೆಕ್ಷನ್ ನಂಬರ್) ಹಾಕಿ ಚೆಕ್ ಮಾಡಿ. ತಿನ್ನೋ ಸಾಮಾನು ಆದ್ರಿಂದ ಎಫ್‌ಎಸ್‌ಎಸ್‌ಎಐ (ಆಹಾರ ಮಾರೋಕೆ ಬೇಕಾದ ನೋಂದಣಿ) ಈಗ ಮನೆ ಅಡ್ರೆಸ್ಸಲ್ಲಿದ್ರೆ ಅಂಗಡಿ ಅಡ್ರೆಸ್ಸಿಗೂ ಮಾಡಿಸ್ಬೇಕು, ಅದಕ್ಕೆ ಅಗ್ರಿಮೆಂಟ್ ಕಾಪಿ ಬೇಕಾಗುತ್ತೆ.

ಓನರ್‌ಗೆ ಜಿಎಸ್‌ಟಿ ಇದ್ರೆ 14 ಸಾವಿರದ ಮೇಲೆ 18 ಪರ್ಸೆಂಟ್ ಬೇರೆ, ಒಳಗೊಂಡಾ ಹೊರಗಾ ಅಂತ ಮೊದ್ಲೇ ಕೇಳಿ.

—

11 ತಿಂಗಳದ್ದು ಯಾಕೆ ಅಂದ್ರೆ, ಒಂದು ವರ್ಷ ದಾಟಿದ ಲೀಸನ್ನ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಮಾಡಿಸ್ಬೇಕು, ಆ ಖರ್ಚು ಯಾರಿಗೂ ಬೇಡ. ಆದ್ರೆ 11 ತಿಂಗಳು ಮುಗಿದು ಹಂಗೇ ಬಾಡಿಗೆ ಕಟ್ತಾ ಹೋದ್ರೆ ಸಾಮಾನ್ಯವಾಗಿ ಅದು ತಿಂಗಳ ಬಾಡಿಗೆ ಲೆಕ್ಕಕ್ಕೆ ಬರುತ್ತೆ, 15 ದಿನದ ನೋಟಿಸ್ ಕೊಟ್ಟು ಖಾಲಿ ಮಾಡಿ ಅನ್ನಬಹುದು. ನೀವು ಒಳಗೆ ಎರಡು ಮೂರು ಲಕ್ಷದ ಕೆಲಸ ಮಾಡಿಸೋದಾದ್ರೆ ಮೂರು ವರ್ಷಕ್ಕೋ ಐದು ವರ್ಷಕ್ಕೋ ರಿಜಿಸ್ಟರ್ ಮಾಡಿಸಿ. ಬರೀ ನಾಲ್ಕು ರ್‍ಯಾಕು, ಒಂದು ಟೇಬಲ್ ಅಂದ್ರೆ 11 ತಿಂಗಳೇ ಸಾಕು, ವ್ಯಾಪಾರ ಹತ್ಲಿಲ್ಲ ಅಂದ್ರೆ ಎದ್ದು ಬರಬಹುದಲ್ಲ.

—

ಎಲ್ರಿಗೂ ಥ್ಯಾಂಕ್ಸ್. ಮೀಟರ್ ಬೇರೆ ಇದೆ, ಕಂದಾಯದ ರಸೀದಿ ಕೇಳಿದ್ದಕ್ಕೆ ಓನರ್ "ಊರಿಂದ ಬಂದ್ಮೇಲೆ ತೋರಿಸ್ತೀನಿ, ಟೋಕನ್ ಮಾತ್ರ ಇವತ್ತೇ ಹಾಕಿ, ಬೇರೆ ಪಾರ್ಟಿ ಇದಾರೆ" ಅಂದ್ರು.

—

ಬೇರೆ ಪಾರ್ಟಿ ಎಲ್ಲಾ ಮಳಿಗೆಗೂ ಇರ್ತಾರೆ ಅಕ್ಕಾ 😄 ರಸೀದಿ ಫೋಟೋ ವಾಟ್ಸಾಪಲ್ಲಿ ಕಳ್ಸೋಕೆ ಊರಿಂದ ಬರ್ಬೇಕಾಗಿಲ್ಲ. ಕಳ್ಸಿದ್ರೆ ಐದು ಸಾವಿರ ಹಾಕಿ, ಕ್ಯಾಶ್ ಬೇಡ, ಅಕೌಂಟಿಗೇ. ಪೇಪರ್ ಸರಿ ಇಲ್ದಿದ್ರೆ ಟೋಕನ್ ವಾಪಸ್ ಅಂತ ಅವರಿಂದ ಮೆಸೇಜ್ ತಗೊಂಡು ಇಟ್ಕೊಳ್ಳಿ. ಖಾಲಿ ಮಾಡಿದ ಎಷ್ಟು ದಿನಕ್ಕೆ ಅಡ್ವಾನ್ಸ್ ವಾಪಸ್, ಪೇಂಟಿಂಗ್‌ಗೆ ಎಷ್ಟು ಹಿಡ್ಕೊಳ್ತಾರೆ, ಅದನ್ನೂ ಅಗ್ರಿಮೆಂಟ್ ಡ್ರಾಫ್ಟಲ್ಲೇ ಹಾಕ್ಸಿ.