ಇಳಿಜಾರು ಜಾಗ, ಕಾಡ್ಗಿಚ್ಚಿನ ವಲಯ: ನಿವೃತ್ತಿಯ ಪುಟ್ಟ ಮನೆಯನ್ನು ಎಲ್ಲಿ ಕೂರಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೆಲ್ಬರ್ನ್‌ನ ಪೂರ್ವಕ್ಕಿರುವ ಡ್ಯಾಂಡೆನಾಂಗ್ ಬೆಟ್ಟಸಾಲಿನಲ್ಲಿ ಒಂದು ಜಾಗ ನೋಡಿದ್ದೇವೆ, ಇನ್ನೂ ಕೊಂಡಿಲ್ಲ. ರಸ್ತೆಗುಂಟ 40 ಮೀಟರ್ ಅಗಲ, 60 ಮೀಟರ್ ಆಳ. ರಸ್ತೆಯಿಂದ ಹಿಂದಕ್ಕೆ ಸುಮಾರು 12 ಡಿಗ್ರಿ ಇಳಿಜಾರು. ಕೆಳಗಿನ ಗಡಿ ದಾಟಿದರೆ ನೀಲಗಿರಿ ಮರಗಳ ದಟ್ಟ ಕಾಡು, ಅದೂ ಅದೇ ಇಳಿಜಾರಿನಲ್ಲಿದೆ. ಅಕ್ಕಪಕ್ಕದಲ್ಲಿ ಮನೆಗಳು, ಹುಲ್ಲು ಕತ್ತರಿಸಿಟ್ಟ ತೋಟಗಳು. ಇರುವವರು ನಾವಿಬ್ಬರೇ, ಇಬ್ಬರಿಗೂ ಅರವತ್ತು ದಾಟಿದೆ. ಎರಡು ಬೆಡ್‌ರೂಮ್ ಸಾಕು, ಖರ್ಚು ಹಿಡಿತದಲ್ಲಿರಬೇಕು. ಜಾಗದ ನಡುಮಧ್ಯೆ ಎತ್ತರದ ಉಕ್ಕಿನ ಕಂಬಗಳ ಮೇಲೆ ಮನೆ ಎತ್ತಿ, ಕಾಡಿನ ಕಡೆಗೆ 3 ಮೀಟರಿನ ಡೆಕ್ ಹಾಕುವುದೇ ಅಗ್ಗ ಎಂದು ಒಬ್ಬ ಬಿಲ್ಡರ್ ಹೇಳಿದ್ದಾರೆ. ಇದು ಸರಿಯೇ?

ಉತ್ತರ: ಕಟ್ಟಡ ವಿನ್ಯಾಸಕಿ

ಸರ್, ಕಂಬ ನಿಲ್ಲಿಸುವ ಖರ್ಚು ಮಾತ್ರ ನೋಡಿದರೆ ಅಗ್ಗವೇ. ಇಡೀ ಮನೆಯ ಲೆಕ್ಕ ಹಾಕಿದರೆ ಈ ಜಾಗದಲ್ಲಿ ಅದರಷ್ಟು ದುಬಾರಿಯ ಆಯ್ಕೆ ಬೇರೆ ಇಲ್ಲ. ನಕ್ಷೆ, ಕೋಣೆ, ಡೆಕ್ ಯಾವುದನ್ನೂ ಯೋಚಿಸುವ ಮೊದಲು ಮನೆ ಎಲ್ಲಿ ಕೂರಬೇಕೆಂದು ತೀರ್ಮಾನಿಸಿ. ಮೆಟ್ಟಿಲು, ಗಾಜು, ಅಡಿಪಾಯ ಎಲ್ಲವೂ ಆಮೇಲೆ ಅದನ್ನೇ ಅನುಸರಿಸುತ್ತವೆ.

ಆಸ್ಟ್ರೇಲಿಯಾದಲ್ಲಿ ಕಾಡ್ಗಿಚ್ಚಿನ ವಲಯದ ಮನೆಗಳಿಗೆ ಎಎಸ್ 3959 ಎಂಬ ಮಾನದಂಡವಿದೆ. ಅದು ಬುಷ್‌ಫೈರ್ ಅಟ್ಯಾಕ್ ಲೆವೆಲ್, ಅಂದರೆ ಎಲ್ಲರೂ ಬಾಯಲ್ಲಿ ಹೇಳುವ ‘ಬ್ಯಾಲ್’ ದರ್ಜೆಯನ್ನು ನಿಗದಿ ಮಾಡುತ್ತದೆ: ಬ್ಯಾಲ್-ಲೋ, 12.5, 19, 29, 40, ಕೊನೆಗೆ ಫ್ಲೇಮ್ ಝೋನ್, ಅಂದರೆ ಜ್ವಾಲೆಯೇ ನೇರವಾಗಿ ಮನೆಗೆ ತಗಲಬಹುದಾದ ವಲಯ. ಅಂಕಿಗಳು ಗೋಡೆಗೆ ತಗಲುವ ಶಾಖವನ್ನು ಪ್ರತಿ ಚದರ ಮೀಟರಿಗೆ ಇಷ್ಟು ಕಿಲೋವ್ಯಾಟ್ ಎಂದು ಹೇಳುತ್ತವೆ. ದರ್ಜೆ ನಿಲ್ಲುವುದು ಗಿಡಮರದ ಬಗೆ, ಅದರ ಕೆಳಗಿನ ಇಳಿಜಾರು, ಅಲ್ಲಿಂದ ಮನೆಗಿರುವ ದೂರ ಮತ್ತು ಆ ಪ್ರದೇಶದ ಬೆಂಕಿ ಅಪಾಯ ಸೂಚ್ಯಂಕದ ಮೇಲೆ.

ನಿಮ್ಮ ವಿಕ್ಟೋರಿಯಾ ರಾಜ್ಯದ ಡ್ಯಾಂಡೆನಾಂಗ್ ಭಾಗಕ್ಕೆ ಅನ್ವಯಿಸುವ ಸೂಚ್ಯಂಕ 100. ನಿಮ್ಮ ಕಾಡು ಮನೆಯಿಂದ ಕೆಳಮುಖವಾಗಿ 10ರಿಂದ 15 ಡಿಗ್ರಿ ಇಳಿಜಾರಿನ ಗುಂಪಿಗೆ ಸೇರುತ್ತದೆ. ಅಲ್ಲಿ ಕಾಡಿನಿಂದ 39 ಮೀಟರಿಗಿಂತ ಹತ್ತಿರವಿದ್ದರೆ ಫ್ಲೇಮ್ ಝೋನ್, 39ರಿಂದ 49ರೊಳಗೆ ಬ್ಯಾಲ್-40, 49ರಿಂದ 64ರೊಳಗೆ ಬ್ಯಾಲ್-29. ಇದೇ ಕಾಡು ಸಮತಟ್ಟು ನೆಲದಲ್ಲಿದ್ದಿದ್ದರೆ ಬ್ಯಾಲ್-29ಕ್ಕೆ 25 ಮೀಟರ್ ಸಾಕಿತ್ತು.

ಈಗ ಬಿಲ್ಡರ್ ಹೇಳಿದ್ದನ್ನು ಅಳೆಯೋಣ. 7 ಮೀಟರ್ ಆಳದ ಮನೆ ಮಧ್ಯದಲ್ಲಿ ಕೂತರೆ ಹಿಂದಿನ ಗೋಡೆಯಿಂದ ಗಡಿಗೆ ಉಳಿಯುವುದು 26.5 ಮೀಟರ್, ಡೆಕ್ ಕಂಬದಿಂದ 23.5. ಎರಡೂ ಫ್ಲೇಮ್ ಝೋನ್. ಅಲ್ಲಿ ಪರೀಕ್ಷೆಯಲ್ಲಿ ಪಾಸಾದ ವಿಶೇಷ ಕಿಟಕಿಗಳು ಅಥವಾ ಶಟರ್‌ಗಳು, ಬೆಂಕಿ ತಡೆಯುವ ಗೋಡೆ ಮತ್ತು ಛಾವಣಿ ಬೇಕು. ಪ್ಲ್ಯಾನಿಂಗ್ ಪರ್ಮಿಟ್ ಸಿಗುವುದೇ ಕಷ್ಟ.

ನನ್ನ ಸಲಹೆ: 6 ಮೀಟರ್ ಆಳ, 16 ಮೀಟರ್ ಉದ್ದದ, 96 ಚದರ ಮೀಟರಿನ ಒಂದೇ ಅಂತಸ್ತಿನ ಮನೆ. ಉದ್ದ ಬದಿ ರಸ್ತೆಗೆ ಸಮಾನಾಂತರ, ರಸ್ತೆಯಿಂದ 4 ಮೀಟರ್ ಒಳಗೆ. ಹಿಂದಿನ ಗೋಡೆ ರಸ್ತೆಯಿಂದ 10 ಮೀಟರಿಗೆ ಬಂತು, ಕಾಡಿಗೆ 50 ಮೀಟರ್ ಉಳಿಯಿತು. ಬ್ಯಾಲ್-29, ಮೇಲೆ ಒಂದು ಮೀಟರ್ ಕೈಯಲ್ಲಿ. ಈ ದೂರವನ್ನು ನಕ್ಷೆಯ ಮೇಲೆ ಅಡ್ಡಕ್ಕೆ ಅಳೆಯುತ್ತಾರೆ, ನೆಲದ ಇಳಿಜಾರಿನಗುಂಟ ಅಲ್ಲ.

ಮುಂದೆ ಬಿಡಬೇಕಾದ ಜಾಗಕ್ಕೆ ಕೌನ್ಸಿಲ್ 4 ಮೀಟರಿಗಿಂತ ಹೆಚ್ಚು ಕೇಳಬಹುದು. ಬೆಂಕಿಯ ಕಾರಣ ಕೊಟ್ಟು ಸಡಿಲಿಕೆ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಒಪ್ಪದಿದ್ದರೆ ಈ ಲೆಕ್ಕವೇ ನಿಲ್ಲುವುದಿಲ್ಲ, ಆಗ ಜಾಗ ಬಿಟ್ಟುಬಿಡುವುದು ಮೇಲು.

ಮರುಪ್ರಶ್ನೆ

ತುಂಬಾ ಉಪಕಾರವಾಯಿತು ಮೇಡಂ. ಮನೆ ಕೂರುವಲ್ಲಿ ಮಣ್ಣು ಕಡಿದು ಸಮ ಮಾಡಿದರೆ ಇಳಿಜಾರಿನ ಲೆಕ್ಕ ಕಡಿಮೆಯಾಗುವುದಿಲ್ಲವೇ? ಜೊತೆಗೆ ನನ್ನ ಮನೆಯವರಿಗೆ ಮಲೆನಾಡಿನ ಹಾಗೆ ಮರದ ಕಂಬದ ಜಗಲಿ ಬೇಕೆಂಬ ಆಸೆ.

ಉತ್ತರ: ಕಟ್ಟಡ ವಿನ್ಯಾಸಕಿ

ಕಡಿಮೆಯಾಗುವುದಿಲ್ಲ. ಲೆಕ್ಕಕ್ಕೆ ಬರುವುದು ಮರಗಳ ಬುಡದ ಇಳಿಜಾರು, ಮನೆಯಡಿಯದಲ್ಲ. ಈ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಮನೆಯಿಂದ ಗಡಿಯವರೆಗೆ ನೆಲ ಸಮವಾಗಿದ್ದು ಕಾಡು ಮಾತ್ರ ಕಣಿವೆಗೆ ಇಳಿದಿದ್ದರೂ ಕಣಿವೆಯ ಇಳಿಜಾರನ್ನೇ ಹಿಡಿಯುತ್ತಾರೆ. ಮೇಲೇರುವ ಬೆಂಕಿಯ ವೇಗ ಪ್ರತಿ 10 ಡಿಗ್ರಿ ಏರಿಗೆ ಸುಮಾರು ಇಮ್ಮಡಿಯಾಗುತ್ತದೆ. ಜ್ವಾಲೆ ಮುಂದಿನ ಮರಗಳತ್ತ ಬಾಗಿ ಅವನ್ನು ಮೊದಲೇ ಒಣಗಿಸಿಬಿಡುತ್ತದೆ.

ಮಣ್ಣು ಕಡಿಯುವುದನ್ನು ನಾನು ಬೇರೆ ಕಾರಣಕ್ಕೂ ಒಪ್ಪುವುದಿಲ್ಲ. 1 ಮೀಟರ್ ಅಥವಾ ಹೆಚ್ಚು ಎತ್ತರದ ತಡೆಗೋಡೆಗೆ ವಿಕ್ಟೋರಿಯಾದಲ್ಲಿ ಬಿಲ್ಡಿಂಗ್ ಪರ್ಮಿಟ್ ಬೇಕು, ಎಂಜಿನಿಯರ್ ಬೇಕು, ಗೋಡೆಯ ಹಿಂದೆ ನೀರು ಹರಿಯಲು ಜಲ್ಲಿ ಮತ್ತು ತೂತಿನ ಪೈಪು ಬೇಕು. ಡ್ಯಾಂಡೆನಾಂಗ್ ಭಾಗದಲ್ಲಿ ಭೂಕುಸಿತದ ಭಯಕ್ಕೆ ಎರೋಶನ್ ಮ್ಯಾನೇಜ್‌ಮೆಂಟ್ ಓವರ್‌ಲೇ (ನಕ್ಷೆಯಲ್ಲಿ ಗುರುತಿಸಿ ಹೆಚ್ಚುವರಿ ನಿಯಮ ಹೇರುವ ವಲಯ) ಹಾಕಿದ ಜಾಗಗಳೂ ಇವೆ; ಅಲ್ಲಿ ಮಣ್ಣು ಅಲುಗಿಸಿದಷ್ಟೂ ಭೂತಾಂತ್ರಿಕ ವರದಿ ಉದ್ದವಾಗುತ್ತದೆ.

ಮನೆಯನ್ನು ಇಳಿಜಾರಿಗೆ ಅಡ್ಡಲಾಗಿ ಇಟ್ಟರೆ 6 ಮೀಟರ್ ಆಳದಲ್ಲಿ ನೆಲ ಇಳಿಯುವುದು ಸುಮಾರು 1.3 ಮೀಟರ್ ಮಾತ್ರ. ಅದೇ 16 ಮೀಟರ್ ಬದಿಯನ್ನು ಕೆಳಮುಖವಾಗಿ ತಿರುಗಿಸಿದರೆ 3.4 ಮೀಟರ್. ರಸ್ತೆಯಿಂದ ಮುಂದಿನ ಗೋಡೆಗೆ 0.85 ಮೀಟರ್ ಇಳಿತ. ಮನೆಯ ನೆಲವನ್ನು ರಸ್ತೆಗಿಂತ 0.45 ಮೀಟರ್ ಕೆಳಗೆ ಇಡಿ. ಆಗ ಮೇಲಿನ ಬದಿಯಲ್ಲಿ ನೆಲದಡಿ 0.4 ಮೀಟರ್, ಕೆಳಬದಿಯಲ್ಲಿ 1.7 ಮೀಟರ್ ಖಾಲಿ ಸಿಗುತ್ತದೆ. ಗೆದ್ದಲು ಪರೀಕ್ಷೆಗೆ ತೆವಳಿಕೊಂಡು ಹೋಗಲು ಮೇಲ್ಬದಿಯ ಆ ಜಾಗ ಬೇಕೇ ಬೇಕು. ರಸ್ತೆಯಿಂದ ಬಾಗಿಲಿಗೆ 1:14 ಇಳಿಜಾರಿನ ದಾರಿಗೆ 6.3 ಮೀಟರ್ ಉದ್ದ ಸಾಕು. ಮನೆಯ ಮುಂದೆ ಅಡ್ಡಲಾಗಿ ಹಾಯಿಸಿದರೆ ಒಂದೂ ಮೆಟ್ಟಿಲಿಲ್ಲದೆ ಒಳಗೆ ಹೋಗಬಹುದು. ಮಧ್ಯದಲ್ಲಿ ಕೂತ ಕಂಬದ ಮನೆಯಲ್ಲಿ ಇದು ಆಗದ ಮಾತು.

ಗಿಡ್ಡ ಉಕ್ಕಿನ ಕಂಬ, ಉಕ್ಕಿನ ತೊಲೆ ಮತ್ತು ಜಂತಿ ಹಾಕಿ, ನೆಲದಡಿಯನ್ನು ಸುತ್ತಲೂ 6 ಮಿ.ಮೀ. ಫೈಬರ್ ಸಿಮೆಂಟ್ ಹಾಳೆಯಿಂದ ಮುಚ್ಚಿ. ಗಾಳಿಗಿಂಡಿಗಳಿಗೆ 2 ಮಿ.ಮೀ.ಗಿಂತ ದೊಡ್ಡ ಕಣ್ಣಿಲ್ಲದ, ತುಕ್ಕು ಹಿಡಿಯದ ಲೋಹದ ಜಾಲರಿ. ಮುಚ್ಚದೆ ಬಿಟ್ಟರೆ ಗಾಳಿ ಒಣ ಎಲೆಗಳನ್ನು ಅಲ್ಲೇ ತಂದು ಗುಡ್ಡೆ ಹಾಕುತ್ತದೆ. ಮುಚ್ಚಿದ ಮೇಲೂ ಅಲ್ಲಿ ಸೌದೆ, ರಟ್ಟಿನ ಪೆಟ್ಟಿಗೆ, ಬಣ್ಣದ ಡಬ್ಬ ಇಡಬಾರದು.

ಜಗಲಿ ಖಂಡಿತ ಮಾಡಬಹುದು, ರಸ್ತೆಯ ಕಡೆಗೆ. ಕಾಡಿನ ಕಡೆಗೆ 3 ಮೀಟರಿನದನ್ನು ಹಾಕಿದರೆ ಅದರ ಕಂಬದಿಂದಲೇ ದೂರ ಅಳೆಯುತ್ತಾರೆ: 50 ಮೀಟರ್ 47 ಆಗುತ್ತದೆ, ಇಡೀ ಮನೆ ಬ್ಯಾಲ್-40ಕ್ಕೆ ಜಿಗಿಯುತ್ತದೆ. ಕಾಡು ನೋಡಲು ಹಿಂದಿನ ಗೋಡೆಯಲ್ಲಿ ಒಂದು ಒಳ್ಳೆಯ ಕಿಟಕಿ ಇಡೋಣ. ಬ್ಯಾಲ್-29ರಲ್ಲಿ ಮರದ ಕಂಬಕ್ಕೆ ಬೆಂಕಿ ತಾಳುವ ಏಳು ಜಾತಿಗಳಿಗೆ ಒಪ್ಪಿಗೆಯಿದೆ: ಬ್ಲ್ಯಾಕ್‌ಬಟ್, ಮೆರ್ಬಾವ್, ರೆಡ್ ಐರನ್‌ಬಾರ್ಕ್, ರಿವರ್ ರೆಡ್ ಗಮ್, ಸಿಲ್ವರ್‌ಟಾಪ್ ಆಶ್, ಸ್ಪಾಟೆಡ್ ಗಮ್, ಟರ್ಪೆಂಟೈನ್. ಕಂಬದ ಬುಡ ನೆಲಕ್ಕೆ ತಾಗದಂತೆ ಕನಿಷ್ಠ 75 ಮಿ.ಮೀ. ಎತ್ತರದ ಸತುಲೇಪಿತ ಉಕ್ಕಿನ ಶೂ ಮೇಲೆ ನಿಲ್ಲಿಸಿ. ಜಗಲಿಯ ನೆಲ ಮಾತ್ರ ಕಾಂಕ್ರೀಟ್ ಇರಲಿ.

ಕಾರ್‌ಪೋರ್ಟ್, ಅಂದರೆ ಕಾರು ನಿಲ್ಲಿಸುವ ತೆರೆದ ಸೂರು, ಮನೆಯಿಂದ 6 ಮೀಟರಿಗಿಂತ ದೂರವಿದ್ದರೆ ಮನೆಯ ನಿಯಮಗಳು ಅದಕ್ಕೆ ಬೀಳುವುದಿಲ್ಲ. 40 ಮೀಟರ್ ಅಗಲದಲ್ಲಿ ಅಷ್ಟು ಜಾಗ ನಿಮಗಿದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ

ಕಿಟಕಿ, ಛಾವಣಿ, ಬಚ್ಚಲಲ್ಲಿ ಎಲ್ಲಿ ಉಳಿಸಬಹುದು, ಎಲ್ಲಿ ಕೈ ಬಿಗಿ ಹಿಡಿಯಬಾರದು?

ಉತ್ತರ: ಕಟ್ಟಡ ವಿನ್ಯಾಸಕಿ

ಆಕಾರದಲ್ಲಿ ಉಳಿಸಿ. ಶುದ್ಧ ಆಯತ, ಎರಡೇ ಇಳಿಜಾರಿನ ಸುಕ್ಕುತಗಡಿನ ಛಾವಣಿ. ಛಾವಣಿಯಲ್ಲಿ ಎರಡು ಇಳಿಜಾರು ಕೂಡುವ ಕಣಿವೆ, ಒಳಮೂಲೆ, ಗೋಡೆಗಳ ನಡುವೆ ಹುದುಗಿದ ಗಟರ್ ಬೇಡ. ಎಲೆ ಸೇರುವುದೂ ಕಿಡಿ ಬಂದು ಕೂರುವುದೂ ಅಲ್ಲೇ. ತಗಡಿನ ಏಣುಗಳ ಕೆಳಗೆ, ತುದಿಯಲ್ಲಿ, ನೆತ್ತಿಯಲ್ಲಿ 3 ಮಿ.ಮೀ.ಗಿಂತ ದೊಡ್ಡ ಸಂದು ಉಳಿಯಬಾರದು, ಮಿನರಲ್ ವುಲ್ (ಬೆಂಕಿ ಹತ್ತದ ಖನಿಜ ನಾರು) ತುರುಕಬೇಕು. ಕೆಲಸದವರು ಬಿಟ್ಟುಬಿಡುವುದು ಹೆಚ್ಚಾಗಿ ಇದನ್ನೇ. ಆಮೇಲೆ ಸೋಲಾರ್ ಕೂರಿಸುವವರು ಕೊರೆದ ತೂತುಗಳನ್ನೂ ನೋಡಿಕೊಳ್ಳಿ. ಛಾವಣಿ ಮೇಲಿನ ಇವಾಪರೇಟಿವ್ ಕೂಲರ್ ಬೇಡ, ಕಿಡಿ ಒಳನುಗ್ಗಲು ಅದು ತೆರೆದ ಬಾಯಿ. ಸ್ಪ್ಲಿಟ್ ಎಸಿ ಹಾಕಿ.

ಗಾಜು ದುಬಾರಿ, ಆದ್ದರಿಂದ ಕಿಟಕಿಯ ಸಂಖ್ಯೆ ಕಡಿಮೆ ಮಾಡಿ, ಗುಣಮಟ್ಟ ಕಡಿಮೆ ಮಾಡಬೇಡಿ. ಬ್ಯಾಲ್-29ಕ್ಕೆ 5 ಮಿ.ಮೀ. ಟಫನ್ಡ್ ಗಾಜು, ಲೋಹದ ಚೌಕಟ್ಟು, ತೆರೆಯುವ ಭಾಗಕ್ಕೆ ಲೋಹದ ಜಾಲರಿ. ಇಲ್ಲಿ ಸೂರ್ಯ ಉತ್ತರದಲ್ಲಿ ಸಾಗುತ್ತಾನೆ, ಹಾಗಾಗಿ ಚಳಿಗಾಲದ ಬಿಸಿಲಿಗೆ ದೊಡ್ಡ ಕಿಟಕಿ ಉತ್ತರಕ್ಕೇ ಬೇಕು. ನಿಮ್ಮ ಇಳಿಜಾರು ಉತ್ತರಕ್ಕಿದ್ದರೆ ಅದೇ ಕಿಟಕಿ ಬೆಂಕಿಗೂ ಎದುರಾಗುತ್ತದೆ. ಆಗ ಅಗಲದ ಗಾಜಿನ ಗೋಡೆಯ ಬದಲು ಎರಡು ಮಧ್ಯಮ ಕಿಟಕಿ ಸಾಕು.

ಹೊಸ ಮನೆಗಳಿಗೆ ವಿಕ್ಟೋರಿಯಾದಲ್ಲಿ 2024ರ ಮೇ 1ರಿಂದ ವಾಸಯೋಗ್ಯತೆಯ ನಿಯಮಗಳು ಬಂದಿವೆ: ಬಾಗಿಲು ತೆರೆದಾಗ 820 ಮಿ.ಮೀ. ದಾರಿ, 1000 ಮಿ.ಮೀ. ಅಗಲದ ಕಾರಿಡಾರ್, ಹೊಸ್ತಿಲಿಲ್ಲದ ಶವರ್, ಹಿಡಿಕೆ ಕೂರಿಸಲು ಬಲಪಡಿಸಿದ ಬಚ್ಚಲು ಗೋಡೆ. 820 ಎಂದರೆ ಬಾಗಿಲಿನ ಹಲಗೆಯ ಅಳತೆಯಲ್ಲ, ಹಲಗೆ 870 ಬೇಕಾಗುತ್ತದೆ. ಶವರ್ ವಿಷಯದಲ್ಲಿ ಎಚ್ಚರ: ಜಂತಿಯ ನೆಲದಲ್ಲಿ ಆ ಭಾಗವನ್ನು ಮೊದಲೇ ತಗ್ಗಿಸದಿದ್ದರೆ ಟೈಲ್ಸ್ ಹಾಕುವ ಹೊತ್ತಿಗೆ ನೀರಿನ ಇಳಿತಕ್ಕೆ ಜಾಗವೇ ಇರುವುದಿಲ್ಲ, ಕೊನೆಗೆ ಒಂದು ಕಟ್ಟೆ ಎದ್ದು ನಿಲ್ಲುತ್ತದೆ. ಜಂತಿಯ ನಕ್ಷೆಯಲ್ಲೇ ಬರೆಸಿ.

ಉತ್ತರ: ಕಾಡ್ಗಿಚ್ಚು ಅಪಾಯದ ಅಂದಾಜು ಮಾಡುವವರು

ಮೇಡಂ ಹೇಳಿದ್ದಕ್ಕೆ ಬೆಂಕಿಯ ಕಡೆಯಿಂದ ಕೆಲವು ಸೇರಿಸುತ್ತೇನೆ. ಜಾಗ ಬುಷ್‌ಫೈರ್ ಮ್ಯಾನೇಜ್‌ಮೆಂಟ್ ಓವರ್‌ಲೇಯಲ್ಲಿದೆಯೇ ಎಂದು ಸರ್ಕಾರದ ವಿಕ್‌ಪ್ಲ್ಯಾನ್ ನಕ್ಷೆಯಲ್ಲಿ ಉಚಿತವಾಗಿ ನೋಡಬಹುದು. ಇದ್ದರೆ ಪ್ಲ್ಯಾನಿಂಗ್ ಪರ್ಮಿಟ್, ಅದರ ಜೊತೆ ಬುಷ್‌ಫೈರ್ ಮ್ಯಾನೇಜ್‌ಮೆಂಟ್ ಸ್ಟೇಟ್‌ಮೆಂಟ್ ಎಂಬ ಬೆಂಕಿ ಅಪಾಯದ ವರದಿ ಬೇಕು. 50 ಮೀಟರ್ ಖಾಲಿ ಜಾಗ ನಿಮ್ಮ ಗಡಿಯೊಳಗೇ ಇರಬೇಕು. ಗಡಿಯಾಚೆಯ ಕಾಡನ್ನು ನೀವು ಕಡಿಯುವಂತಿಲ್ಲ.

ಖಾಲಿ ಎಂದರೆ ಬೋಳು ಅಲ್ಲ. ಬೆಂಕಿಯ ಋತುವಿನಲ್ಲಿ ಹುಲ್ಲು ಗಿಡ್ಡವಿರಬೇಕು. ಮರಗಳ ತಲೆಗಳ ನಡುವೆ 5 ಮೀಟರ್, ನೆಲದಿಂದ ಕೆಳಗೊಂಬೆಗೆ 2 ಮೀಟರ್. ಪೊದೆಯ ಗುಂಪು 5 ಚದರ ಮೀಟರ್ ಮೀರಬಾರದು, ಮರದಡಿ ಪೊದೆ ಬೇಡ. ಗಾಜಿನಿಂದ 3 ಮೀಟರಿನೊಳಗೆ 10 ಸೆಂ.ಮೀ.ಗಿಂತ ಎತ್ತರದ ಗಿಡ ಬೇಡ. ಬೆಟ್ಟದಲ್ಲಿ ಒಳಚರಂಡಿ ಇಲ್ಲದಿದ್ದರೆ ಸೆಪ್ಟಿಕ್ ನೀರು ಹರಿಸುವ ಹುಲ್ಲುಜಾಗವನ್ನು ಇಲ್ಲೇ ಇಡಬಹುದು. ಆದರೆ ಅದಕ್ಕೆ ಲ್ಯಾಂಡ್ ಕೇಪಬಿಲಿಟಿ ವರದಿ (ಮಣ್ಣು ಆ ನೀರನ್ನು ಹೀರಬಲ್ಲದೇ ಎಂಬ ಪರೀಕ್ಷೆ) ಮೊದಲೇ ಬೇಕು, ಇಷ್ಟು ಇಳಿಜಾರಿನಲ್ಲಿ ಎಲ್ಲ ಮಣ್ಣೂ ಒಪ್ಪುವುದಿಲ್ಲ.

2400 ಚದರ ಮೀಟರಿನ ಈ ಜಾಗಕ್ಕೆ ಓವರ್‌ಲೇ ನಿಯಮದಂತೆ ಬೆಂಕಿಗೆಂದೇ ಮೀಸಲಾದ 10,000 ಲೀಟರ್ ನೀರು ಬೇಕು. ಟ್ಯಾಂಕ್ ನೆಲದ ಮೇಲೆ, ಕಾಂಕ್ರೀಟ್ ಅಥವಾ ಲೋಹದ್ದು. ಅಗ್ನಿಶಾಮಕ ದಳದ ಕೊಳವೆ ಕೂಡುವ ಬಾಯಿ ವಾಹನದ ದಾರಿಯಿಂದ 4 ಮೀಟರಿನೊಳಗೆ, ಮನೆಯಿಂದ 60 ಮೀಟರಿನೊಳಗೆ. ರಸ್ತೆ ಪಕ್ಕವೇ ಇಡಿ. ನಿಮ್ಮ ಗಟರ್ ರಸ್ತೆಗಿಂತ ಸುಮಾರು 2.2 ಮೀಟರ್ ಎತ್ತರಕ್ಕೆ ಬರುತ್ತದೆ, ಆದ್ದರಿಂದ ಟ್ಯಾಂಕ್ ಗಿಡ್ಡವಿರಲಿ: 1.8 ಮೀಟರ್ ನೀರಿನ ಎತ್ತರ, 2.7 ಮೀಟರ್ ವ್ಯಾಸ. ಎತ್ತರದ್ದು ತಂದರೆ ಮಳೆನೀರು ತಾನಾಗಿ ತುಂಬುವುದಿಲ್ಲ. ಕಾಣುವ ಪೈಪೆಲ್ಲ ಲೋಹದ್ದು. ಕರೆಂಟ್ ಪಂಪನ್ನು ನಂಬಬೇಡಿ, ಬೆಂಕಿಯ ದಿನ ಮೊದಲು ಹೋಗುವುದು ವಿದ್ಯುತ್ತೇ; ಪೆಟ್ರೋಲ್ ಅಥವಾ ಡೀಸೆಲ್ ಪಂಪ್ ಬೇಕು.

ಬ್ಯಾಲ್-29 ಮನೆ ಕಟ್ಟಿದರೂ ಒಳಗೆ ಕೂತು ಬೆಂಕಿ ಎದುರಿಸುವ ಯೋಚನೆ ಮಾಡಬೇಡಿ. 2009ರ ಫೆಬ್ರವರಿ 7ರ ಬ್ಲ್ಯಾಕ್ ಸಾಟರ್ಡೇ ದಿನ 173 ಜನ ಸತ್ತರು. ಇಲ್ಲಿ ಉತ್ತರದ ಬಿಸಿಗಾಳಿಯ ಬೆನ್ನಿಗೆ ನೈಋತ್ಯದ ಗಾಳಿ ತಿರುಗುತ್ತದೆ. ಆಗ ಬೆಂಕಿಯ ಉದ್ದನೆಯ ಪಕ್ಕವೇ ಹೊಸ ಮುಂಭಾಗವಾಗುತ್ತದೆ. ಹೊಗೆಯಲ್ಲಿ ಗಂಟೆಗಟ್ಟಲೆ ಕಿಡಿ ಆರಿಸುವ ಶಕ್ತಿ ಎಪ್ಪತ್ತೈದರಲ್ಲಿ ಇರುವುದಿಲ್ಲ. ದಿನದ ಬೆಂಕಿ ಅಪಾಯದ ದರ್ಜೆ ಅತ್ಯಂತ ಮೇಲಿನದಾದ ಕ್ಯಾಟಸ್ಟ್ರೋಫಿಕ್ ಎಂದು ಘೋಷಿಸಿದರೆ ಹಿಂದಿನ ರಾತ್ರಿಯೇ ಅಥವಾ ಬೆಳಗ್ಗೆ ಬೇಗ ಊರಿಗೆ ಇಳಿದುಬಿಡಿ. ಮನೆ ರಸ್ತೆಬದಿಗೆ ಇರುವುದು ಇದಕ್ಕೂ ಅನುಕೂಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ನಮಸ್ಕಾರ. ಹಾಗಾದರೆ ಮೊದಲ ಹಣ ಯಾವುದಕ್ಕೆ ಖರ್ಚು ಮಾಡಲಿ?

ಉತ್ತರ: ಕಟ್ಟಡ ವಿನ್ಯಾಸಕಿ

ಮೊದಲು ಸರ್ವೇಯರ್, ಏರಿಳಿತದ ರೇಖೆ ಮತ್ತು ಕಾಡಿನ ಅಂಚು ಎರಡನ್ನೂ ಗುರುತಿಸಿದ ನಕ್ಷೆಗೆ. ನಂತರ ಬ್ಯಾಲ್ ಅಂದಾಜು. ಆಮೇಲೆ ಮಣ್ಣು ಪರೀಕ್ಷೆ, ಸೆಪ್ಟಿಕ್ ವರದಿ. ವಿಮೆಯ ದರವನ್ನೂ ಆಗಲೇ ಕೇಳಿ. ಖರೀದಿ ಕರಾರಿನಲ್ಲಿ ಇವುಗಳಿಗೆ ಒಳಪಟ್ಟು ಎಂಬ ಷರತ್ತನ್ನು ವಕೀಲರಿಂದ ಬರೆಸಿ. ನಕ್ಷೆ ಬರೆಯುವ ನಮ್ಮಂಥವರ ಫೀಸು ಕೊನೆಗೆ.

ಉತ್ತರ: ಕಾಡ್ಗಿಚ್ಚು ಅಪಾಯದ ಅಂದಾಜು ಮಾಡುವವರು

ಗೃಹಪ್ರವೇಶ ಆದ ಮೇಲಿನ ಮಾತೂ ಒಂದಿದೆ. ಬೇಸಿಗೆ ಶುರುವಾಗುವ ಮೊದಲು ಬಾಗಿಲ ಮುಂದಿನ ತೆಂಗಿನ ನಾರಿನ ಕಾಲೊರಸು ಮತ್ತು ಒಣಗಿದ ಮಾವಿನ ತೋರಣ ತೆಗೆದುಬಿಡಿ. ಎರಡೂ ಬಾಗಿಲಿಗೆ ತಾಗಿಕೊಂಡೇ ಇರುತ್ತವೆ, ಗಾಳಿಯಲ್ಲಿ ಬಂದ ಒಂದು ಕಿಡಿ ಸಾಕು.