ಟಿವಿ ಸ್ಪರ್ಧೆಯಿಂದ ಹೆಸರಾದ ಬಾಣಸಿಗರ ರೆಸ್ಟೋರೆಂಟಿಗೆ ಅಮ್ಮನನ್ನು ಕರೆದೊಯ್ಯಬಹುದೇ?

ಪ್ರಶ್ನೆ (ಕಡಿಯಾಳಿ, ಉಡುಪಿ)

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ಮುಂಬಯಿಯಲ್ಲಿರುವ ಅಣ್ಣನ ಮಗನ ಮನೆಗೆ ಹೋಗುವವನಿದ್ದೇನೆ. ಟಿವಿಯ ಅಡುಗೆ ಸ್ಪರ್ಧೆಯಿಂದ ಹೆಸರಾದ ಬಾಣಸಿಗರೊಬ್ಬರು ಅಲ್ಲಿ ನಡೆಸುತ್ತಿರುವ ರೆಸ್ಟೋರೆಂಟಿನಲ್ಲಿ ನಮಗೆ ಊಟ ಹಾಕಿಸಬೇಕೆಂಬುದು ಅವನ ಆಸೆ. ತಲೆಗೆ 3,500 ರೂಪಾಯಿ. ಒಂದಾದ ಮೇಲೊಂದರಂತೆ ಏಳು ತಿನಿಸುಗಳನ್ನು ಅವರೇ ನಿರ್ಧರಿಸಿ ತಂದಿಡುತ್ತಾರಂತೆ. ನಮ್ಮ ಮಂಗಳೂರಿನ ಮೊಹಮ್ಮದ್ ಆಶಿಕ್ ಅವರು 2023ರಲ್ಲಿ ಮಾಸ್ಟರ್‌ಶೆಫ್ ಇಂಡಿಯಾ ಗೆದ್ದಂದಿನಿಂದ ಅಮ್ಮ ಇಂಥ ಕಾರ್ಯಕ್ರಮಗಳನ್ನು ತಪ್ಪದೆ ನೋಡುತ್ತಾರೆ. ಆ ಬಾಣಸಿಗರನ್ನು ಕಣ್ಣಾರೆ ಕಾಣಬೇಕೆಂಬ ಆಸೆಯೂ ಅವರಿಗಿದೆ. ಆದರೆ ಅವರಿಗೆ ಎಪ್ಪತ್ತನಾಲ್ಕು ವರ್ಷ, ಈರುಳ್ಳಿ–ಬೆಳ್ಳುಳ್ಳಿ ಮುಟ್ಟುವುದಿಲ್ಲ. ಇಂಥ ಕಡೆ ಉಂಡವರಿದ್ದರೆ ದಯವಿಟ್ಟು ತಿಳಿಸಿ.

ಉತ್ತರ (ಬಿಜೈ, ಮಂಗಳೂರು)

ಕಳೆದ ವರ್ಷ ಬೆಂಗಳೂರಿನಲ್ಲಿ ಇಂಥದೇ ಒಂದು ರೆಸ್ಟೋರೆಂಟಿನಲ್ಲಿ ಊಟ ಮಾಡಿದ್ದೇನೆ. ರುಚಿಯ ಬಗ್ಗೆ ದೂರಿಲ್ಲ. ಸುಟ್ಟ ಟೊಮೆಟೊದ ಒಂದು ಹೋಳನ್ನು ಕುಳಿ ತಟ್ಟೆಯಲ್ಲಿಟ್ಟು, ನಮ್ಮ ಕಣ್ಣೆದುರೇ ಹಿತ್ತಾಳೆಯ ಗಿಂಡಿಯಿಂದ ಬಿಸಿ ಸಾರನ್ನು ಅದರ ಮೇಲೆ ಸುರಿದರು. ನಾಲ್ಕು ಚಮಚಕ್ಕೆ ಮುಗಿದುಹೋದ ಆ ಸಾರಿನ ಇಂಗು–ಜೀರಿಗೆಯ ಪರಿಮಳ ನನಗೆ ಇಂದಿಗೂ ನೆನಪಿದೆ. ಆದರೆ ಒಂದು ತಿನಿಸಿಗೂ ಇನ್ನೊಂದಕ್ಕೂ ನಡುವೆ ಇಪ್ಪತ್ತು ನಿಮಿಷ ಕಾಯಬೇಕಾಯಿತು. ಎದ್ದಾಗ ಎರಡೂವರೆ ಗಂಟೆ ಕಳೆದಿತ್ತು. ಬಾಣಸಿಗರು ಅಂದು ಚಿತ್ರೀಕರಣಕ್ಕೆ ಹೋಗಿದ್ದರು. ಅಮ್ಮನವರಿಗೆ ಮುಖ್ಯವಾಗಿ ಅವರನ್ನು ನೋಡಬೇಕೆಂದಿದ್ದರೆ, ಯಾವ ದಿನ ಇರುತ್ತಾರೆಂದು ಮೊದಲೇ ಕೇಳಿಕೊಳ್ಳಿ. ಬಿಲ್ಲನ್ನೂ ಒಮ್ಮೆ ನೋಡಿಕೊಳ್ಳಿ. ಸೇವಾ ಶುಲ್ಕವನ್ನು ಕೇಳದೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ನಮ್ಮ ಬಿಲ್ಲಿನಲ್ಲಿ ಸೇರಿಸಿದ್ದರು. ಕೇಳಿದ ಮೇಲೆ ತೆಗೆದರು.

ಉತ್ತರ (ಮಣಿಪಾಲ)

ಹೋಟೆಲ್ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ದುಡಿದವನಾಗಿ ಹೇಳುತ್ತೇನೆ, ಬಾಣಸಿಗರು ಆ ದಿನ ಇಲ್ಲದಿರುವುದನ್ನು ಕೊರತೆಯೆಂದು ಭಾವಿಸಬೇಡಿ. ನಮ್ಮ ಮದುವೆಯೂಟದಲ್ಲಿಯೂ ಮುಖ್ಯ ಅಡುಗೆಭಟ್ಟರು ಪ್ರತಿ ಕೊಪ್ಪರಿಗೆಗೂ ಸೌಟು ಹಾಕುವುದಿಲ್ಲ. ಮಸಾಲೆಯ ಅಳತೆ ಅವರದು, ಕೈ ಬೇರೆಯವರದು. ಅವರು ದೂರವಿದ್ದಾಗಲೂ ಹುಳಿಯ ಹದ ಕೆಡದಿದ್ದರೆ ಅದು ಒಳ್ಳೆಯ ಅಡುಗೆಮನೆ.

ಸ್ಪರ್ಧೆಯ ಅಡುಗೆ ನಮ್ಮ ನಾಲಗೆಗೆ ದೂರವೆಂದೂ ಅಂದುಕೊಳ್ಳಬೇಕಾಗಿಲ್ಲ. ಮುಂಬಯಿಯಲ್ಲಿ ಹುಟ್ಟಿದ ಫ್ಲಾಯ್ಡ್ ಕಾರ್ಡೋಜ್ ಅವರು 2011ರಲ್ಲಿ ಅಮೆರಿಕದ ಟಾಪ್ ಶೆಫ್ ಮಾಸ್ಟರ್ಸ್ ಗೆದ್ದಾಗ ಅಂತಿಮ ಸುತ್ತಿನಲ್ಲಿ ಬಡಿಸಿದ್ದು ಅಣಬೆ ಹಾಕಿದ ಉಪ್ಪಿಟ್ಟನ್ನು, ಅದರಲ್ಲಿ ತೆಂಗಿನ ಹಾಲು ಮತ್ತು ಪುನರ್ಪುಳಿಯೂ (ಕೋಕಂ) ಇದ್ದವು. ನಾವು ಬೆಳಿಗ್ಗೆ ಬಜಿಲಿನೊಂದಿಗೆ, ಅಂದರೆ ಅವಲಕ್ಕಿಯೊಂದಿಗೆ, ತಿನ್ನುವ ಸಜ್ಜಿಗೆಯೇ ಅದು! 2020ರಲ್ಲಿ ಕೋವಿಡ್ ಅವರನ್ನು ಬಲಿ ತೆಗೆದುಕೊಂಡ ಸುದ್ದಿ ಬಂದ ದಿನ ನಮ್ಮ ಅಡುಗೆಮನೆಯಲ್ಲಿ ಯಾರಿಗೂ ಕೆಲಸ ಸಾಗಲಿಲ್ಲ.

ಅಮ್ಮನವರ ವಿಷಯದಲ್ಲಿ ಕೇವಲ ‘ಸಸ್ಯಾಹಾರಿ’ ಎಂದರೆ ಸಾಲದು. ಈರುಳ್ಳಿ–ಬೆಳ್ಳುಳ್ಳಿ ಬೇಡವೆಂದು ಎರಡು ದಿನ ಮೊದಲೇ ಹೇಳಿ, ಏಕೆಂದರೆ ಗ್ರೇವಿಯ ತಳಹದಿಯನ್ನು ಹಿಂದಿನ ದಿನವೇ ಸಿದ್ಧಪಡಿಸಿ ಇಟ್ಟಿರುತ್ತಾರೆ, ಬಡಿಸುವ ಹೊತ್ತಿಗೆ ಅದರಿಂದ ಏನನ್ನೂ ತೆಗೆಯಲಾಗುವುದಿಲ್ಲ. ಕೇಳಲು ಸಂಕೋಚಪಡಬೇಡಿ. ಚಾತುರ್ಮಾಸ್ಯದ ಶಾಕವ್ರತದಲ್ಲಿ ತಿಂಗಳಿಡೀ ತರಕಾರಿಯಿಲ್ಲದೆ, ಹೆಸರುಬೇಳೆ, ಕಾಳುಮೆಣಸು, ತೆಂಗಿನಕಾಯಿಗಳಲ್ಲೇ ಊಟ ಕಟ್ಟುವ ಊರಿನವರು ನಾವು. ಇಂಥ ಕಟ್ಟುಪಾಡಿನೊಳಗೆ ಅಡುಗೆ ಮಾಡುವುದು ನಿಜವಾದ ಬಾಣಸಿಗರಿಗೆ ಸಂತೋಷದ ಕೆಲಸ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಇವತ್ತೇ ಫೋನ್ ಮಾಡಿದೆ. ಈರುಳ್ಳಿ–ಬೆಳ್ಳುಳ್ಳಿಯಿಲ್ಲದೆ ಐದು ತಿನಿಸು ಮಾಡಿಕೊಡುವುದಾಗಿ ಒಪ್ಪಿದ್ದಾರೆ, ಬಾಣಸಿಗರು ಶನಿವಾರ ಮಧ್ಯಾಹ್ನ ಇರುತ್ತಾರಂತೆ. ಉಪ್ಪಿಟ್ಟಿನ ಸಂಗತಿಯನ್ನು ಅಮ್ಮನಿಗೆ ಓದಿ ಹೇಳಿದೆ. ಅಣಬೆ ಬೇಡವೆಂದರು, ಪುನರ್ಪುಳಿಯನ್ನು ಮಾತ್ರ ನಾಳೆಯ ಸಜ್ಜಿಗೆಗೆ ಹಾಕಿ ನೋಡಲು ನೆನೆಸಿಟ್ಟಿದ್ದಾರೆ.